ಮೈಗೆ ಹತ್ತದ್ದು

ಪಿಟ್ಸ್‌ವರ್ತ್ ದಾಟಿ ಹನ್ನೊಂದು ಕಿಲೋಮೀಟರ್.
ಎರೆ ಹೊಲ, ಮೊಣಕೈವರೆಗೆ ಕೈ ಇಳಿಯುವಂಥ ಬಿರುಕು,
ನಡುವೆ ತಗಡಿನ ಕೊಟ್ಟಿಗೆ.
ಜನವರಿಯ ಬಿಸಿಲು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ.
ತಾಯಿಯ ಹಾಲು ಬಿಡಿಸಿ ಹತ್ತು ದಿನವಾದ ಮರಿಗಳು
ಒಂದರ ಮೇಲೊಂದು ಬಿದ್ದುಕೊಂಡಿವೆ,
ಬಾಲದ ಸುರುಳಿ ಬಿಚ್ಚಿಹೋಗಿದೆ,
ಹಿಂಗಾಲಿಗೆಲ್ಲ ಹಳದಿ ಭೇದಿ.

"ತಿನ್ನೋದರಲ್ಲಿ ಕಡಿಮೆಯಿಲ್ಲ. ಆದರೆ ಆಗ್ತಾ ಇಲ್ಲ,"
ಅಂದ ಮರ್ವಿನ್ ಲಿಂಡ್ನರ್, ಟೋಪಿ ತೆಗೆದು ಅದರೊಳಗೆ ನೋಡುತ್ತ.
ಏನು ಆಗ್ತಾ ಇಲ್ಲ ಅಂತ ಅವನ ಭಾಷೆ ಹೇಳುವುದಿಲ್ಲ.
ನನ್ನ ಭಾಷೆಯಲ್ಲಿ ಅದಕ್ಕೊಂದು ಮಾತಿದೆ:
ಮೈಗೆ ಹತ್ತುತ್ತಿಲ್ಲ.
ಬಳ್ಳಿ ಹತ್ತುತ್ತದೆ, ಒಲೆ ಹತ್ತುತ್ತದೆ,
ನಿದ್ದೆ ಹತ್ತುತ್ತದೆ.
ತಿಂದದ್ದೂ ಹತ್ತಬೇಕು.

ಹಂದಿ ಕಲ್ಲನ್ನೂ ಅರಗಿಸುತ್ತದೆ ಅಂತ ಜನ ಅಂದುಕೊಂಡಿದ್ದಾರೆ.
ಇರಬಹುದು, ದೊಡ್ಡ ಹಂದಿ.
ಈ ಮರಿಯ ಕರುಳು ಮೊನ್ನೆಯವರೆಗೆ ಹಾಲೊಂದನ್ನೇ ಕಂಡದ್ದು.

ಗೋಣಿಯಿಂದ ಒಂದು ಮುಷ್ಟಿ ಸೋಯಾ ತೆಗೆದು ಮೂಸಿದೆ.
ಹುರಿದ ಕಡಲೆಯ ಘಮ ಬರಬೇಕಿತ್ತು,
ಬಂದದ್ದು ಹಸಿ ಅವರೆಯ ವಾಸನೆ.
ಸ್ವಂತ ಹೊಲದ ಕಾಳು, ಸ್ವಂತ ಹುರಿಯುವ ಯಂತ್ರ,
ಇಪ್ಪತ್ತು ವರ್ಷದಿಂದ ಹೀಗೇ, ಅಂದ.

ಜೀಪಿನ ಬಾನೆಟ್ಟಿನ ಮೇಲೆ ಗಾಜಿನ ತಟ್ಟೆ ಇಟ್ಟು
ಹಿಟ್ಟು ಹರಡಿ, ಕಿತ್ತಳೆ ಬಣ್ಣದ ದ್ರವ ಹುಯ್ದೆ.
ಐದು ನಿಮಿಷ ಕಾಯಬೇಕು.
ಎರಡನೆಯ ನಿಮಿಷಕ್ಕೇ ಒಂದು ಕೆಂಪು ಚುಕ್ಕೆ,
ಆಮೇಲೆ ಏಳು,
ಆಮೇಲೆ ಎಣಿಸುವುದು ಬಿಟ್ಟೆ.
ಹಣೆಗಿಡುವ ಕುಂಕುಮ ಚೆಲ್ಲಿಕೊಂಡ ಹಾಗೆ ತಟ್ಟೆಯೆಲ್ಲ.

"ಚೆನ್ನಾಗಿದೆಯಲ್ಲ," ಅಂದಳು ಗ್ವೆಂಡಾ, ಬಗ್ಗಿ.

ಈ ಕೆಂಪೇ ಕಳ್ಳನಲ್ಲ, ಅಂದೆ. ಕಳ್ಳನ ಜೊತೆಗಾರ.
ಇಬ್ಬರೂ ಸಾಯುವುದು ಒಂದೇ ಕಾವಿಗೆ.
ಇವನು ಬದುಕಿದ್ದರೆ ಅವನೂ ಬದುಕಿದ್ದಾನೆ:
ಕಾಳೊಳಗೆ ಕೂತು, ಅನ್ನ ಒಡೆಯುವ ರಸದ
ಕೈ ಹಿಡಿದುಕೊಂಡು ಬಿಡದವನು.
ಅವನ ಸೋದರನೊಬ್ಬ ಕರುಳಿನ ಗೋಡೆಗೇ ಅಂಟುತ್ತಾನೆ,
ಅಲ್ಲಿನ ಸಣ್ಣ ಬೆರಳುಗಳು ಮೊಂಡಾಗುತ್ತವೆ.
ಸತ್ತ ಮರಿಯೊಂದನ್ನು ನಿನ್ನೆ ಸೀಳಿ ನೋಡಿದ್ದೆ.
ಮಖಮಲ್ಲಿನ ಹಾಗಿರಬೇಕಾದದ್ದು
ಸವೆದ ಚಾಪೆಯ ಹಾಗಿತ್ತು.

ಕಾಳಿನದೇನು ತಪ್ಪು?
ತಾನು ಮೇವೆಂದು ಅದಕ್ಕೆ ಯಾರು ಹೇಳಿದರು?
ಮೊಳೆಯಲೆಂದು ಕಟ್ಟಿಕೊಂಡ ಬುತ್ತಿಗೆ
ತಾನೇ ಬೀಗ ಹಾಕಿಕೊಂಡಿದೆ, ಅಷ್ಟೆ.
ಕಾಳಿಗೆ ಹಂದಿಯ ಗುರುತಿಲ್ಲ, ಹಂದಿಗೆ ಬೀಗದ ಗುರುತಿಲ್ಲ.
ಅಜ್ಜಿ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ
ಆ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದಳು.
ಏಕೆ ಅಂದರೆ, "ಅದು ಕಾಳಿನ ಸಿಟ್ಟು, ಕುಡೀಬಾರದು."
ಸೋಯಾದ ಸಿಟ್ಟು ನೀರಿಗೆ ಬಗ್ಗುವಂಥದಲ್ಲ.
ಬೆಂಕಿಯೇ ಬೇಕು. ಅದೂ ಹದವಾಗಿ:
ಹೆಚ್ಚಾದರೆ ಕಾಳಿನ ಸತ್ವವೇ ಸುಟ್ಟು
ತೌಡಿಗೂ ಕಡೆ.

ಮರ್ವಿನ್ ಬಹಳ ಹೊತ್ತು ತಟ್ಟೆ ನೋಡಿದ.
ಯಂತ್ರದ ಹತ್ತಿರ ಹೋದ. ನಾನೂ ಹೋದೆ.
ಕಾವಿನ ಮುಳ್ಳು ಇರಬೇಕಾದ ಕಡೆಯಿಂದ
ಎರಡು ಬೆರಳು ಕೆಳಗೆ,
ಅಲ್ಲೊಂದು ಚಾಕಿನ ಗೆರೆ, ಹೊಸದು.
"ಗ್ಯಾಸಿನ ಬಿಲ್ಲು," ಅಂದ ಕೊನೆಗೆ, ನನಗಲ್ಲ,
ಗ್ವೆಂಡಾಗೆ.
ಅವಳು ಅಂಗೈಯಿಂದ ಆ ಗೆರೆ ಒರೆಸಿದಳು,
ಏನೂ ಅನ್ನಲಿಲ್ಲ.

ಸಂಜೆ ಹೊರಡುವಾಗ
ಬರ್ನರ್ ಭಗ್ಗೆಂದು ಹತ್ತಿದ ಸದ್ದು.
ಮರಿಗಳು ತಲೆಯೆತ್ತಿ ಒಮ್ಮೆ ಕೇಳಿದವು.
ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು
ಟೂವೂಂಬಾ ಮುಟ್ಟಿದರೂ ಹೋಗಿರಲಿಲ್ಲ.
ಅದೇ ಕೈಯಲ್ಲಿ ಅನ್ನ ಕಲಸಿಕೊಂಡೆ.